ನೀರು ಒಲ್ಲದ ಜೇಡ್ ಗಿಡದವರ ಸನ್ನಿಧಾನಕ್ಕೆ

ಮಾನ್ಯ ಜೇಡ್ ಗಿಡದವರೇ,

ವಿಜಯಪುರದ ಬಿಸಿಲಿನಲ್ಲಿ ಕುಂಡದೊಳಗೆ ಕುಳಿತು, ದಪ್ಪ ಎಲೆಗಳಲ್ಲಿ ತಮ್ಮ ಪಾಲಿನ ನೀರನ್ನು ತಾವೇ ಕೂಡಿಟ್ಟುಕೊಂಡು, ಯಾರ ಹಂಗೂ ಇಲ್ಲದೆ ಬದುಕುವ ತಮಗೆ ನಮ್ಮ ಕುಟುಂಬದ ಅನಂತ ನಮಸ್ಕಾರಗಳು. ನಳಕ್ಕೆ ನೀರು ಬಂದಾಗ ಇಡೀ ಓಣಿ ಕೊಡ ಹಿಡಿದು ಓಡಿದರೂ ತಾವು ಕದಲುವವರಲ್ಲವೆಂದು ತಿಳಿದೇ ತಮ್ಮನ್ನು ಅಂಗಳಕ್ಕೆ ಬರಮಾಡಿಕೊಂಡೆ. ಮಣ್ಣು ಪೂರಾ ಒಣಗುವವರೆಗೆ ನೀರು ತೋರಿಸಬಾರದೆಂದು ನರ್ಸರಿಯ ರಸೂಲಸಾಬರು ಹೇಳಿದ್ದನ್ನು ಗುರುವಾಕ್ಯದಂತೆ ಪಾಲಿಸಿದೆ.

ಆಗ ನನ್ನ ಮಗ ಅರುಣಕುಮಾರನಿಗೆ ಹೆಣ್ಣು ಕೊಡಲೆಂದು ಕಳ್ಳಕವಟಗಿಯ ಬಸಗೊಂಡಪ್ಪನವರು ಮನೆ ನೋಡಲು ಬಂದರು. ಅವರ ಕಣ್ಣು ತಮ್ಮ ಕುಂಡದ ಬಿರುಕುಬಿಟ್ಟ ಮಣ್ಣಿನ ಮೇಲೆ ನೆಟ್ಟಿತು. "ಅಂಗಳದಾಗಿನ ಗಿಡಕ್ಕ ನೀರ ಹಾಕಲಾರದವ್ರು ನಮ್ಮ ಮಗಳಿಗೆ ಏನ್ ಉಣ್ಣಾಕ ಹಾಕತಾರ್ರಿ" ಎಂದು ಓಣಿಯವರನ್ನು ಕೇಳಿ ಹೋದರಂತೆ.

ಮತ್ತೊಮ್ಮೆ ಬಂದು ನೋಡಿರೆಂದು ಕೈಮುಗಿದು ಒಪ್ಪಿಸಿದೆ. ಅಂದಿನಿಂದ ನನ್ನ ಹೆಂಡತಿ ಸಾವಂತ್ರವ್ವ ತಮ್ಮನ್ನು ಹಸಿ ಬಾಣಂತಿಯಂತೆ ಉಪಚರಿಸಿದಳು. ಮನೆಗೆ ಬಂದವರಿಗೆ ಚರಿಗೆ ನೀರು ಕೊಡುವುದು ನಮ್ಮ ರೂಢಿ, ಅವರು ಕುಡಿದು ಉಳಿಸಿದ್ದೆಲ್ಲ ತಮಗೆ. ಬೇಳೆ ತೊಳೆದದ್ದು ತಮಗೆ. ತುಳಸಿಗೆ ಹಾಕಿ ಮಿಕ್ಕಿದ್ದೂ ತಮಗೆ. ಸಾಕು ಎಂಬ ಒಂದು ಮಾತನ್ನಾದರೂ ತಾವು ಆಡಬಹುದಿತ್ತು. ಬದಲಿಗೆ ಸೌಜನ್ಯದಿಂದ ಎಲ್ಲವನ್ನೂ ಕುಡಿದು, ಬೀಗರಾಗಬೇಕಾದವರು ಮತ್ತೆ ಬಂದ ದಿನವೇ ಬುಡ ಕೊಳೆತು, ಅವರ ಕಾಲ ಬಳಿ ಸಾಷ್ಟಾಂಗ ಬಿದ್ದಿರಿ. ಬಸಗೊಂಡಪ್ಪನವರ ತಂಗಿ ಲಕ್ಕವ್ವನವರು ಕೆಸರಾದ ಕುಂಡಕ್ಕೆ ಬೆರಳಿಟ್ಟು, "ಗಿಡಕ್ಕ ಇಷ್ಟು ಉಪಚಾರ ಮಾಡವ್ರು ಸೊಸಿನ್ನ ಉಸರಾಡಾಕರ ಬಿಡತಾರೇನ ಯಣ್ಣಾ" ಎಂದರು. ಸಂಬಂಧ ಅಲ್ಲಿಗೇ ಮುರಿಯಿತು. ಹುಡುಗ ಆ ಹುಡುಗಿಯನ್ನು ಬಹಳ ಮೆಚ್ಚಿದ್ದ. ತಟ್ಟೆಯಲ್ಲಿ ರೊಟ್ಟಿ ಬಿಟ್ಟು ಏಳುವ ಅವನನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ತಾವೇ ಕೃಪೆಯಿಟ್ಟು ಟಿಕೋಟಾ ಬಸ್ಸು ಹತ್ತಿ ಕಳ್ಳಕವಟಗಿಗೆ ಹೋಗಿ, ತಪ್ಪು ತಮ್ಮ ಹೊಟ್ಟೆಯದು, ನಮ್ಮ ಮನೆತನದ್ದಲ್ಲ ಎಂದು ಪ್ರಮಾಣ ಮಾಡಿ ಹೇಳಬೇಕಾಗಿ ವಿನಂತಿ. ಬಿಸಿಲು ಬೀಳುವ ಕಿಟಕಿಯ ಸೀಟಿಗೆ ಟವೆಲ್ ಹಾಕಿ ಹಿಡಿದಿಡುವ ಹೊಣೆ ನನ್ನದು. ದಾರಿಯಲ್ಲಿ ಯಾರಾದರೂ ನೀರಿನ ಬಾಟಲಿ ಚಾಚಿದರೆ ದಯವಿಟ್ಟು ಬೇಡವೆನ್ನಿರಿ.

ಚರಿಗೆ ಕೆಳಗಿಟ್ಟು ಕೈಮುಗಿದಿರುವ,
ತಮ್ಮ ವಿಶ್ವಾಸಿ,
ಗುರಲಿಂಗಪ್ಪ

ತಾ.ಕ.: ಅಂದು ಹೋಗುವಾಗ ಲಕ್ಕವ್ವನವರು ತಮ್ಮ ಕೊಳೆಯದ ರೆಂಬೆಯೊಂದನ್ನು ಮುರಿದು ಚೀಲಕ್ಕೆ ಹಾಕಿಕೊಂಡಿದ್ದರು. ಅವರ ಹಿತ್ತಲಲ್ಲಿ, ಯಾರೂ ಕೇಳುವವರಿಲ್ಲದೆ ಬಿದ್ದಲ್ಲೇ ಅದು ಸೊಗಸಾಗಿ ಚಿಗುರಿದೆಯಂತೆ. ನಮ್ಮ ಹುಡುಗನನ್ನು ಒಲ್ಲೆ ಎಂದವರಲ್ಲಿಗೆ ತಾವು ಮನೆ ಅಳಿಯನಾಗಿ ಹೋದದ್ದಕ್ಕೆ ಹಾರ್ದಿಕ ಅಭಿನಂದನೆಗಳು.