ಆಳವಾದ ಸಣ್ಣ ರಂಧ್ರಗಳಲ್ಲಿ ಟ್ಯಾಪನ್ನು ಹಿಂದಕ್ಕೆ ತಿರುಗಿಸುವ ಬಗ್ಗೆ

ಸಂಖ್ಯೆ: ಕಾರ್ಯಾ/ರಂಧ್ರ/ಆಳ-50/ಹಿಂದು-ಮುಂದು/2
ದಿನಾಂಕ: ಕಳೆದ ಸುತ್ತೋಲೆ ಹೊರಡಿಸಿದ ಹನ್ನೆರಡನೆಯ ದಿನ

ವಿಷಯ: ನಾಲ್ಕು ಮಿ.ಮೀ. ಟ್ಯಾಪಿನಿಂದ ಐವತ್ತು ಮಿ.ಮೀ. ಆಳಕ್ಕೆ ಥ್ರೆಡ್ ಕೊರೆಯುವಾಗ ಹಿಂದಕ್ಕೆ ತಿರುಗಿಸುವುದನ್ನು ನಿಷೇಧಿಸಿದ ಆದೇಶವನ್ನು, ರದ್ದುಪಡಿಸದೆ, ಪಾಲಿಸದಿರುವ ಕುರಿತು.

ಉಲ್ಲೇಖ:
(1) ಇದೇ ಕಚೇರಿಯ 'ಮುಂದಕ್ಕೆ ಮಾತ್ರ' ಎಂಬ ಸುತ್ತೋಲೆ.
(2) ಉಗ್ರಾಣಪಾಲಕರ ಪತ್ರ: "ಟ್ಯಾಪ್ ಮುಗಿಯುತ್ತಾ ಬಂದಿವೆ."
(3) ಅವರದೇ ಎರಡನೇ ಪತ್ರ: "ಮುಗಿದಿವೆ ಎಂದರೆ ಮುಗಿದಿವೆ."
(4) ವಸತಿಗೃಹದ ಮೂರನೇ ಮಹಡಿಯವರ ಮೌಖಿಕ ಅಹವಾಲು, ಮೆಟ್ಟಿಲ ಮೇಲೆ ಸ್ವೀಕರಿಸಿದ್ದು.

ಪ್ರಸ್ತಾವನೆ:

ಸಿಬ್ಬಂದಿ ವಸತಿಗೃಹದ ನೀರಿನ ಪಂಪಿನ ಕವಾಟದ ಬ್ಲಾಕ್ ಬಿರುಕು ಬಿಟ್ಟಿದ್ದರಿಂದ, ಹೊಸದನ್ನು ತಯಾರಿಸುವ ಕೆಲಸವನ್ನು ಕಾರ್ಯಾಗಾರಕ್ಕೆ ವಹಿಸಲಾಗಿತ್ತು. ಸದರಿ ಉಕ್ಕಿನ ಬ್ಲಾಕಿನಲ್ಲಿ ಇಪ್ಪತ್ತನಾಲ್ಕು ರಂಧ್ರಗಳಿದ್ದು, ಪ್ರತಿಯೊಂದೂ ಪೆನ್ಸಿಲಿಗಿಂತ ಸಣ್ಣ, ಕಿರುಬೆರಳಿನಷ್ಟು ಆಳ. ಸ್ಕ್ರೂ ಕೂರಲು ಇವುಗಳ ಒಳಗೋಡೆಯಲ್ಲಿ ಥ್ರೆಡ್ ಎಂಬ ಸುರುಳಿ ಗೀರು ಕೊರೆಯಬೇಕು. ಅದಕ್ಕೆ ಬಳಸುವ ಟ್ಯಾಪ್ ಎಂಬ ಹಲ್ಲುಳ್ಳ ಕಡ್ಡಿಯು ಬಹಳ ಗಟ್ಟಿ, ಅಷ್ಟೇ ಮುಂಗೋಪಿ.

ಈ ಕೆಲಸದಲ್ಲಿ ಎತ್ತಿದ ಕೈ ಎನಿಸಿದ ಹಿರಿಯ ಫಿಟ್ಟರ್ (ಕಾರ್ಯಾಗಾರದಲ್ಲಿ ಇವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಾರೆ, ಇದು ಮಂಜೂರಾದ ಹುದ್ದೆಯಲ್ಲ) ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಿದ್ದರು. ಕಾರ್ಯದಕ್ಷತಾ ಪರಿವೀಕ್ಷಕರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಎಣಿಸಿ, ಒಂದು ರಂಧ್ರಕ್ಕೆ ಎಪ್ಪತ್ತೊಂದು ಪೂರ್ಣ ಸುತ್ತುಗಳಷ್ಟು ಶ್ರಮ ಹಿಂದಕ್ಕೆ ಹೋಗುತ್ತಿದೆಯೆಂದು ವರದಿ ಮಾಡಿದರು. ಅದರಂತೆ ಉಲ್ಲೇಖ (1) ಹೊರಟಿತು. ಹಿಂದಕ್ಕೆ ತಿರುಗಿಸಿದಾಗಲೇ ಕೊರೆದ ಲೋಹದ ಚೂರು ತುಂಡಾಗಿ ಸಡಿಲಾಗುತ್ತದೆ, ಇಲ್ಲವಾದರೆ ಅದು ಒಳಗೇ ಸಿಕ್ಕಿಕೊಂಡು ಟ್ಯಾಪನ್ನು ಮುರಿಯುತ್ತದೆ ಎಂಬ ಅಂಶವು, ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲದ ಕಾರಣ, ಈ ಕಚೇರಿಯ ಗಮನಕ್ಕೆ ಬಂದಿರಲಿಲ್ಲ.

ನಿಷೇಧದ ನಂತರವೂ ದೊಡ್ಡಪ್ಪ ಹಿಂದಕ್ಕೆ ತಿರುಗಿಸಿದ್ದರಿಂದ ಅವರನ್ನು ಅಮಾನತಿನಲ್ಲಿಟ್ಟು, ಮೂವತ್ತೊಂದು ವರ್ಷ ಶುಭ್ರವಾಗಿದ್ದ ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಿಂದ 'ಆದೇಶ ಉಲ್ಲಂಘನೆ' ಎಂದು ಬರೆಯಲಾಯಿತು. ಅವರ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ.

ಉಳಿದವರು ಆದೇಶವನ್ನು ಚಾಚೂ ತಪ್ಪದೆ ಪಾಲಿಸಿ, ಹನ್ನೊಂದು ದಿನಗಳಲ್ಲಿ ಹತ್ತೊಂಬತ್ತು ಟ್ಯಾಪ್ ಮುರಿದಿದ್ದಾರೆ. ಒಳಗೆ ಮುರಿದ ಟ್ಯಾಪ್ ಡ್ರಿಲ್ಲಿಗೂ ಬಗ್ಗುವುದಿಲ್ಲ. ಮೂರು ಬ್ಲಾಕುಗಳು ಹಾಳಾಗಿದ್ದು, ಉಳಿದಿರುವುದು ದೊಡ್ಡಪ್ಪ ಒಂಬತ್ತು ರಂಧ್ರ ಮುಗಿಸಿ ಬಿಟ್ಟುಹೋದ ಬ್ಲಾಕ್ ಒಂದೇ. ಅದರ ಹತ್ತಿರ ಸುಳಿಯಲು ಯಾರಿಗೂ ಧೈರ್ಯವಿಲ್ಲ.

ಆದ್ದರಿಂದ ಸಂಬಂಧಪಟ್ಟ, ಪಡದ ಎಲ್ಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಉಲ್ಲೇಖ (1) ಸರಿಯಾಗಿಯೇ ಇದೆ, ಜಾರಿಯಲ್ಲೂ ಇದೆ. ಹೊರಡಿಸಿದ ಆದೇಶವನ್ನು ಹಿಂಪಡೆಯುವ ಪದ್ಧತಿ ಈ ಇಲಾಖೆಯಲ್ಲಿಲ್ಲ. ಆದರೆ ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದನ್ನು ಇನ್ನು ಮುಂದೆ 'ವಿರುದ್ಧ ದಿಕ್ಕಿನ ಪ್ರಗತಿ' ಎಂದು ಕರೆಯತಕ್ಕದ್ದು. ಪ್ರಗತಿಗೆ ಯಾವ ಕಾಲಕ್ಕೂ ನಿಷೇಧವಿರಲಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

2. ಪ್ರತಿ ವಿರುದ್ಧ ದಿಕ್ಕಿನ ಪ್ರಗತಿಗೂ ನಮೂನೆ-9ರಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು. ಒಂದು ರಂಧ್ರಕ್ಕೆ ಇನ್ನೂರ ಎಂಬತ್ತನಾಲ್ಕು ಅರ್ಜಿಗಳಾಗುವುದರಿಂದ, ಒಂದು ಕೈಯಲ್ಲಿ ಟ್ಯಾಪ್ ಹಿಡಿದು ಇನ್ನೊಂದು ಕೈಯಲ್ಲಿ ಅರ್ಜಿ ತುಂಬಲು ಅವಕಾಶ ನೀಡಲಾಗಿದೆ. ಅನುಮತಿ ಬರುವವರೆಗೆ ಟ್ಯಾಪಿನಿಂದ ಕೈ ತೆಗೆಯುವಂತಿಲ್ಲ. ಅಂಥವರಿಗೆ ಸಹೋದ್ಯೋಗಿಗಳು ಸರದಿಯಂತೆ ಊಟದ ತುತ್ತು ಕೊಡತಕ್ಕದ್ದು. ಮೂಗು ತುರಿಸಿದಲ್ಲಿ ಮೇಲ್ವಿಚಾರಕರನ್ನು ಸಂಪರ್ಕಿಸತಕ್ಕದ್ದು.

3. ಮುರಿಯುವ ಮುನ್ನ ಟ್ಯಾಪ್ ಸಣ್ಣಗೆ ಕಿರುಗುಟ್ಟುವುದರಿಂದ, ರಂಧ್ರದ ತಳ ಸಮೀಪಿಸಿದಾಗ ಇಡೀ ಕಾರ್ಯಾಗಾರ ಮಾತು ನಿಲ್ಲಿಸಿ ಕಿವಿಗೊಡುವ ರೂಢಿಯಿದೆ. ಈ ರೂಢಿಯನ್ನು ಸಕ್ರಮಗೊಳಿಸಲಾಗಿದೆ. ಆ ವೇಳೆಯಲ್ಲಿ ಸೀನುವವರು ಮೂರು ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಹೇಳದೆ ಕೇಳದೆ ಬಂದ ಸೀನನ್ನು ಬಾಯಿಮೂಗು ಮುಚ್ಚಿಕೊಂಡು ಕ್ಯಾಂಟೀನಿಗೆ ಒಯ್ದು ಅಲ್ಲಿ ವಿಲೇವಾರಿ ಮಾಡತಕ್ಕದ್ದು.

4. ಟ್ಯಾಪ್ ಮುರಿದು ಒಳಗುಳಿದ ರಂಧ್ರಗಳನ್ನು, ಅವುಗಳಲ್ಲಿ ಇನ್ನೇನೂ ಹಿಡಿಸುವುದಿಲ್ಲವೆಂಬ ಆಧಾರದ ಮೇಲೆ, 'ಪೂರ್ಣಗೊಂಡಿವೆ' ಎಂದು ವರದಿ ಮಾಡುವುದನ್ನು ನಿಲ್ಲಿಸತಕ್ಕದ್ದು. ಈ ವರದಿಗಳನ್ನು ನಂಬಿ ಕಳೆದ ವಾರ ಈ ಕಚೇರಿಯು ಅಭಿನಂದನಾ ಪತ್ರ ಕಳುಹಿಸಿತ್ತು. ಪತ್ರವನ್ನು ಮರಳಿಸಬೇಕಾಗಿಲ್ಲ, ಆದರೆ ಗೋಡೆಯಿಂದ ತೆಗೆಯತಕ್ಕದ್ದು.

5. ಟ್ಯಾಪ್ ಮುರಿದಾಗ 'ಛೆ', 'ಹೋಯ್ತು', 'ಅಯ್ಯೋ' ಎಂಬ ಮೂರು ಪದಗಳನ್ನು ಮಾತ್ರ ಬಳಸತಕ್ಕದ್ದು. ಹಿಂದಿನ ಸಂದರ್ಭಗಳಲ್ಲಿ ಕೇಳಿಬಂದ ಮಾತುಗಳು ಬಹುತೇಕ ಪರಿವೀಕ್ಷಕರ ತಾಯಿಯವರನ್ನು ಕುರಿತಾಗಿದ್ದವು. ಸದರಿ ತಾಯಿಯವರಿಗೂ ಥ್ರೆಡ್ಡಿಗೂ ಯಾವ ಸಂಬಂಧವಿಲ್ಲವೆಂದು ವಿಚಾರಣೆಯಿಂದ ದೃಢಪಟ್ಟಿದೆ.

6. ಇಷ್ಟೆಲ್ಲ ಆದ ಮೇಲೆ ಪರಿವೀಕ್ಷಕರು "ಎಲ್ಲಿ, ಇತ್ತ ಕೊಡಿ" ಎಂದು ಉಗ್ರಾಣದ ಕೊನೆಯ ಟ್ಯಾಪನ್ನು ತಾವೇ ಹಿಡಿದು, ಹಾಳಾದ ಬ್ಲಾಕೊಂದರಲ್ಲಿ ಮುಂದಕ್ಕೆ ಮಾತ್ರ ತಿರುಗಿಸಿ, ಮೂರನೇ ಸುತ್ತಿಗೇ ಮುರಿದಿದ್ದಾರೆ. ಇದನ್ನು ಪ್ರಾತ್ಯಕ್ಷಿಕೆ ಎಂದು ಪರಿಗಣಿಸಿದ್ದು, ಮುರಿದ ಟ್ಯಾಪುಗಳ ಪಟ್ಟಿಗೆ ಸೇರಿಸಿರುವುದಿಲ್ಲ. ಅವರು ಅನುಮತಿಸಿದ ಮೂರು ಪದಗಳನ್ನೂ ಬಳಸಿ, ನಾಲ್ಕನೆಯದನ್ನೂ ಬಳಸಿದರು.

7. ನೀರಿನ ಬಗ್ಗೆ: ಪಂಪು ನಿಂತಿರುವುದರಿಂದ ಕೆಳಗೆ ಸಹಿ ಮಾಡಿದವರು ದಿನಕ್ಕೆ ಹನ್ನೆರಡು ಬಕೆಟ್ ನೀರನ್ನು ಅಂಗಳದ ನಲ್ಲಿಯಿಂದ ಮೂರನೇ ಮಹಡಿಗೆ ಹೊರುತ್ತಿದ್ದಾರೆ. ನಲ್ಲಿಯು ದೊಡ್ಡಪ್ಪನವರ ಬಾಗಿಲ ಎದುರಿಗೇ ಇದೆ. ಅಮಾನತಿನ ಐದನೆಯ ದಿನ ದೊಡ್ಡಪ್ಪನವರು ಎದ್ದು ಬಂದು, ಎರಡು ಬಕೆಟ್‌ಗಳಲ್ಲಿ ಭಾರದ್ದನ್ನು ಎತ್ತಿಕೊಂಡು, ಮೂರು ಮಹಡಿ ಹತ್ತಿ ಇಟ್ಟುಹೋದರು. ಅಮಾನತಾದ ನೌಕರರು ಅಮಾನತು ಮಾಡಿದ ಅಧಿಕಾರಿಯ ಬಕೆಟ್ ಹೊರುವ ವಿಷಯದಲ್ಲಿ ನಿಯಮಗಳು ಏನನ್ನೂ ಹೇಳುವುದಿಲ್ಲ. ಕೆಳಗೆ ಸಹಿ ಮಾಡಿದವರಿಗೆ ನಾಚಿಕೆಯಾಗಿರುತ್ತದೆ.

8. ಮರುದಿನ ಮೆಟ್ಟಿಲ ಮೇಲೆಯೇ ದಾಖಲಿಸಿಕೊಂಡ ದೊಡ್ಡಪ್ಪನವರ ಹೇಳಿಕೆ, ಯಥಾವತ್ತಾಗಿ: "ಹಿಂದಕ್ಕೆ ತಿರುಗಿಸಿದ್ದು ನಿಜ ಸಾರ್. ತಿರುಗಿಸದಿದ್ರೆ ಚೂರು ಎಲ್ಲಿಗೆ ಹೋಗ್ಬೇಕು, ನೀವೇ ಹೇಳಿ. ಜನ ನೀರಿಲ್ದೆ ಒದ್ದಾಡ್ತಿದಾರೆ, ಬಂದು ಮುಗಿಸ್ಕೊಡ್ತೀನಿ. ನನ್ನ ಟ್ಯಾಪ್ ಪೆಟ್ಟಿಗೇಲೇ ಇದೆ, ಹಲ್ಲು ಇನ್ನೂ ಚೆನ್ನಾಗಿದೆ. ಆದ್ರೆ ಆ ಕೆಂಪು ಸಾಲು ಹೊತ್ಕೊಂಡು ಮನೆಗೆ ಹೋಗೋಕೆ ನನ್ ಕೈಲಾಗಲ್ಲ. ರಿಟೈರ್ ಆಗೋ ದಿನ ಆ ಪುಸ್ತಕ ತೋರಿಸ್ತೀನಿ ಅಂತ ನಮ್ಮನೆಯವಳಿಗೆ ಹೇಳಿದೀನಿ."

ಇದರನ್ವಯ ದೊಡ್ಡಪ್ಪನವರ ಅಮಾನತನ್ನು ಮುಂದುವರಿಸಲಾಗಿದೆ. ಅಮಾನತಿನ ಅವಧಿಯನ್ನು ಅವರು ನಾಳೆಯಿಂದ ಕಾರ್ಯಾಗಾರದಲ್ಲಿ, ತಮ್ಮ ಮೇಜಿನ ಮುಂದೆ, ಟ್ಯಾಪ್ ಹಿಡಿದು, ಪೂರ್ಣ ವೇತನದೊಂದಿಗೆ ಕಳೆಯತಕ್ಕದ್ದು. ಕಲಂ 2 ಅವರಿಗೆ ಅನ್ವಯಿಸುವುದಿಲ್ಲ. ಅವರ ಪಕ್ಕದಲ್ಲಿ ಯಾರೂ ಸ್ಟೂಲು ಹಾಕತಕ್ಕದ್ದಲ್ಲ.

9. ಕೆಂಪು ಸಾಲಿನ ಬಗ್ಗೆ: ಸೇವಾ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಉಜ್ಜುವಂತಿಲ್ಲ, ಮೇಲೆ ಬಿಳಿ ಬಳಿಯುವಂತಿಲ್ಲ, ಪುಟ ಹರಿಯುವಂತಿಲ್ಲ. ನಿಯಮಗಳನ್ನು ಮೂರು ಸಲ ಓದಿಯೂ ದಾರಿ ಕಾಣಲಿಲ್ಲ. ಹೀಗಿರುವಲ್ಲಿ, ನಿನ್ನೆ ಮಧ್ಯಾಹ್ನ ಕೆಳಗೆ ಸಹಿ ಮಾಡಿದವರು ಸದರಿ ಪುಸ್ತಕವನ್ನು ದೊಡ್ಡಪ್ಪನವರ ಮೇಜಿನ ಮೇಲಿಟ್ಟು ಪರಿಶೀಲಿಸುತ್ತಿದ್ದಾಗ, ಕರಿ ಎಣ್ಣೆಯ ಡಬ್ಬಿ ಉರುಳಿ ಆ ಒಂದು ಸಾಲು ಓದಲು ಬಾರದಂತಾಗಿದೆ. ಅದರ ಮೇಲಿನ ಸಾಲಿಗಾಗಲಿ ಕೆಳಗಿನ ಸಾಲಿಗಾಗಲಿ ಒಂದು ಹನಿಯೂ ತಾಗಿಲ್ಲ. ಘಟನೆಯು ಸಂಪೂರ್ಣ ಆಕಸ್ಮಿಕವೆಂದು, ಆ ಸಮಯದಲ್ಲಿ ಪುಸ್ತಕವನ್ನು ಓರೆಯಾಗಿ ಹಿಡಿದುಕೊಂಡಿದ್ದ ಪರಿವೀಕ್ಷಕರು ಪ್ರಮಾಣೀಕರಿಸಿದ್ದಾರೆ. ಓದಲು ಬಾರದ ನಮೂದನ್ನು ಇಲ್ಲವೆಂದೇ ಭಾವಿಸತಕ್ಕದ್ದು.

(ಸಹಿ)
ಕಾರ್ಯಾಗಾರ ಅಧೀಕ್ಷಕರು
(ಬೆರಳಿನ ಕರಿ ಗುರುತುಗಳನ್ನು ಮೊಹರಿನ ಭಾಗವೆಂದು ಓದಿಕೊಳ್ಳುವುದು)

ಪ್ರತಿಗಳು:
1. ಉಗ್ರಾಣಪಾಲಕರಿಗೆ: ಮುಗಿದಿವೆಯೆಂಬುದು ಅರ್ಥವಾಗಿದೆ.
2. ಪರಿವೀಕ್ಷಕರ ತಾಯಿಯವರಿಗೆ: ಇಲಾಖೆಯ ವಿಷಾದದೊಂದಿಗೆ.
3. ಕ್ಯಾಂಟೀನ್ ಮೇಲ್ವಿಚಾರಕರಿಗೆ: ಸೀನುಗಳನ್ನು ಸ್ವೀಕರಿಸಿ ರಸೀದಿ ನೀಡಲು.
4. ಮೂರನೇ ಮಹಡಿಯ ನಿವಾಸಿಗಳಿಗೆ: ಇನ್ನು ಮೂರು ದಿನ ಸಹಕರಿಸಲು.
5. ದೊಡ್ಡಪ್ಪನವರ ಮನೆಯವರಿಗೆ: ಸೇವಾ ಪುಸ್ತಕವನ್ನು ನಾಲ್ಕು ತಿಂಗಳು ಮುಂಚಿತವಾಗಿಯೇ, ಒಂದು ದಿನದ ಮಟ್ಟಿಗೆ, ನೋಡಲು ಕಳುಹಿಸಿದೆ. ಎಣ್ಣೆ ಇನ್ನೂ ಹಸಿಯಿದೆ. ಪುಟಗಳನ್ನು ನಿಧಾನವಾಗಿ ತಿರುಗಿಸತಕ್ಕದ್ದು.