ಮಲಗಿದ ರಸ್ತೆ

ನಮ್ಮ ದೊಡ್ಡವ್ವನ ಗಂಡನಿಗೆ, ಅಂದರೆ ನಮ್ಮ ದೊಡ್ಡಪ್ಪನಿಗೆ, ನೀರಿನ ಹುಚ್ಚು. ಕುಡಿಯುವ ನೀರಿನದಲ್ಲ, ಹರಿಯುವ ನೀರಿನದು! ರಸ್ತೆ ಕಟ್ಟಿಸುವ ಓವರ್‌ಸಿಯರ್ ನೌಕರಿ ಅವರದು. ಆದರೆ ರಾಯಚೂರಿನ ಕಚೇರಿಯಲ್ಲಿ ಯಾರಾದರೂ ರಸ್ತೆಯ ಮಾತೆತ್ತಿದರೆ, ಹೊಲ, ಬಾವಿ, ಕುರಿ ಹೋಗುವ ದಾರಿ ಎಲ್ಲ ಸುತ್ತಿಸಿ ಚಹಾದ ಹೊತ್ತಿಗೆ ರಸ್ತೆಗೆ ತಂದು ಬಿಡುತ್ತಿದ್ದರು. "ಇಲ್ಲಿ ಒಂದು ಕಲ್ಲು ಸರಿಸಿದ್ರ ಅಲ್ಲಿ ಹತ್ತು ಮನಿಗೆ ಸುದ್ದಿ ಮುಟ್ಟತದ್ರೀ" ಎನ್ನುವುದು ಅವರ ವೇದವಾಕ್ಯ.

ಎಪ್ಪತ್ತರ ದಶಕದ ಕೊನೆಗೆ ನನಗೆ ಹೆಣ್ಣು ನೋಡಲು ದೇವದುರ್ಗಕ್ಕೆ ಹೋದೆವು. ಹಿರಿಯರಾಗಿ ಯಾರು? ಇವರೇ! ಹುಡುಗಿಯ ತಂದೆ ಮಗಳ ಗುಣಗಾನ ಶುರು ಮಾಡುತ್ತಿದ್ದಂತೆ ದೊಡ್ಡಪ್ಪ ಜೇಬಿನಿಂದ ಇದ್ದಿಲ ತುಂಡು ತೆಗೆದರು.

"ದೊಡ್ಡ ಮಳಿ ಬಂದಾಗ ಈ ಗ್ವಾಡಿಗೆ ನೀರು ಎಲ್ಲಿತನ ಬಂದಿತ್ರಿ?"

ಪಾಪ, ಅವರು ಮೊಣಕಾಲು ತೋರಿಸಿದರು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಅಡ್ಡಗೆರೆ ಬಿತ್ತು!

"ಬಚ್ಚಲ ನೀರು ಎತ್ತ ಹೋಗ್ತದ?"

"ಬಾಳಿ ಗಿಡಕ್ರೀ" ಎಂದು ಒಳಗಿನಿಂದ ಹುಡುಗಿಯೇ ಹೇಳಿದಳು.

"ಲಗ್ನ ಪಕ್ಕಾ!" ಎಂದರು ದೊಡ್ಡಪ್ಪ. ನನ್ನನ್ನು ಯಾರು ಕೇಳಿದರು?

ಮರುವರ್ಷ ಅವರ ಹುಟ್ಟೂರು ಕುರ್ಡಿಯ ಹಳ್ಳಕ್ಕೆ ಅಡ್ಡಲಾಗಿ ರಸ್ತೆ ಮಂಜೂರಾಯಿತು. ಊರವರಿಗೆ ಕೆರೆಯ ಏರಿಯಂಥ ಎತ್ತರದ ರಸ್ತೆ ಬೇಕು. ದೊಡ್ಡಪ್ಪ ಅಗಸರನ್ನು, ಕುರಿಗಾರರನ್ನು, ದಂಡೆಯ ಮೇಲಿನ ಕೇರಿಯ ಮುದುಕಿಯರನ್ನು ಕೇಳಿ ಕೇಳಿ ಮನೆಮನೆಗೂ ಗೆರೆ ಎಳೆದರು. ರಸ್ತೆ ಎತ್ತರಿಸಿದರೆ ನೀರು ಹಿಂದಕ್ಕೆ ನಿಂತು ಮೊದಲು ಆ ಕೇರಿಯನ್ನೇ ನುಂಗುತ್ತದೆ ಎಂದು ಅವರಿಗೆ ಖಾತ್ರಿಯಾಯಿತು. ನೆಲಕ್ಕೆ ಹತ್ತಿಕೊಂಡಂತೆ ಕಲ್ಲು ಹಾಸಿ, ಮಳೆ ಜೋರಾದರೆ ನೀರು ಮೇಲೆಯೇ ಹಾದುಹೋಗುವಂಥ ತಗ್ಗು ರಸ್ತೆ ಕಟ್ಟಿಸಿದರು.

ಊರು ಸುಮ್ಮನಿರುತ್ತದೆಯೇ?

"ಮಂದಿ ಊರಿನ ರಸ್ತಿ ಎದ್ದು ನಿಂತಾವ, ನಮ್ಮದು ಮಲಗ್ಯದ! ಮಳಿ ಬಂದ್ರ ಬಸ್ ಹ್ಯಾಂಗ ಬರಬೇಕ್ರಿ?"

"ಬಸ್ ಒಂದು ದಿನ ಕಾಯ್ತದ. ಮನಿ ಬಿದ್ರ ನೀವು ಎಷ್ಟು ದಿನ ಕಾಯ್ತೀರಿ?"

ಹೆತ್ತ ತಾಯಿಯೂ ಬಿಡಲಿಲ್ಲ. "ನನ್ನ ಮಗ ಊರಿಗೆ ರಸ್ತಿ ಕಟ್ಟಲಿಲ್ಲ, ಬಚ್ಚಲ ಕಟ್ಟ್ಯಾನ" ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಎಂಬತ್ತರ ದಶಕದ ಒಂದು ಮಳೆಗಾಲ. ಮೂರು ದಿನ ಸುರಿದು ಮಳೆ ನಿಂತ ಬೆಳಿಗ್ಗೆ, ಆ ತಾಯಿಗೆ ಭಾಳ ಆರಾಮಿಲ್ಲ ಎಂದು ಆಗ ನಾವಿದ್ದ ಮಾನ್ವಿಗೆ ಸುದ್ದಿ ಬಂತು. ದೊಡ್ಡಪ್ಪನ ಜೊತೆ ನಾನೂ ಹೊರಟೆ. ಹಳ್ಳದ ಹತ್ತಿರ ಬಸ್ ನಿಂತುಬಿಟ್ಟಿತು. ರಸ್ತೆಯ ಮೇಲೆ ಸೊಂಟಮಟ್ಟ ನೀರು, ಕಾಲಿಟ್ಟರೆ ಕೊಚ್ಚಿಕೊಂಡು ಹೋಗುವಂಥ ಸೆಳೆತ! ಆಚೆ ದಂಡೆಯ ಕೇರಿಯಲ್ಲಿ ಒಂದು ಮನೆಗೂ ನೀರು ನುಗ್ಗಿರಲಿಲ್ಲ.

"ರಸ್ತಿ ಎತ್ತರ ಇದ್ದಿದ್ರ ಇಷ್ಟೊತ್ತಿಗೆ ಅವ್ವನ ಬಾಜು ಇರ್ತಿದ್ರಿ" ಎಂದು ಬಾಯಿ ಜಾರಿ ಅಂದುಬಿಟ್ಟೆ.

"ಕೇರಿ ಇರ್ತಿದ್ದಿಲ್ಲ" ಎಂದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಕಲ್ಲಿನ ಮೇಲೆ ಕೂತವರು ಏಳಲೂ ಇಲ್ಲ, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಲೂ ಇಲ್ಲ.

ಮಧ್ಯಾಹ್ನ ಆಚೆ ದಂಡೆಗೆ ಕೇರಿಯ ನಾಲ್ವರು ಒಂದು ಹೊರಸು ಹೊತ್ತು ತಂದು ಇಳಿಸಿದರು. ಅದರ ಮೇಲೆ ಕೌದಿ ಹೊದ್ದು ಆ ಮುದುಕಿ! ನೀರಿನ ಸದ್ದಿನಲ್ಲಿ ಅವಳ ದನಿ ನಮಗೆ ಮುಟ್ಟುವಂತಿರಲಿಲ್ಲ. ಹೊತ್ತವನೊಬ್ಬ ಬಗ್ಗಿ ಕೇಳಿಸಿಕೊಂಡು ಈಚೆಗೆ ಕೂಗಿದ:

"ಉಂಡಿಯೇನು ಅಂತ ಕೇಳಾಕತ್ತಾಳ್ರೀ ನಿಮ್ಮವ್ವ!"

"ಉಂಡೀನಿ ಅಂತ ಹೇಳ್ರೋ!" ಎಂದು ಕೂಗಿದ ದೊಡ್ಡಪ್ಪ, ಬುತ್ತಿಯ ಗಂಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.