ವಿದ್ಯಾವತಿಯ ಪಾಳಿ

ಹಿಟ್ಟಿನ ಗಿರಣಿಯವನಿಗೆ ಮಹತ್ವದ ಮಾತನ್ನು ಗಿರಣಿ ಚಾಲೂ ಇರುವಾಗ ಹೇಳಬಾರದು. ತಿಕೋಂಡಿಯ ಕಲ್ಮೇಶನಿಗೆ ಅವನ ಮಗಳು ವಿದ್ಯಾವತಿ ಹೇಳಿದ್ದು ಹಾಗೆಯೇ ಆಯಿತು. ಏಳನೆಯ ವರ್ಗದ ಹುಡುಗಿ ಪಾಟಿಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ಅಪ್ಪಾ, ಇವತ್ತ ನನ್ನ ಪಾಳಿ..." ಎಂದಳು. ಮುಂದಿನ ಮಾತು ಗಿರಣಿಯ ಸದ್ದಿನಲ್ಲಿ ಹಿಟ್ಟಾಗಿ ಹೋಯಿತು. ಆಕೆ ಕೈಬೀಸಿ ಶಾಲೆಗೆ ಹೊರಟುಬಿಟ್ಟಳು.

ಕಲ್ಮೇಶ ಗಿರಣಿ ಬಂದ್ ಮಾಡಿ ಹಾಗೇ ನಿಂತ.

ಪಾಳಿ ಎಂದರೆ ನಮ್ಮ ಕನ್ನಡದಲ್ಲಿ ಸರದಿ. ನೀರಿನ ಪಾಳಿ, ರೇಷನ್ನಿನ ಪಾಳಿ, ಗಿರಣಿಯ ಪಾಳಿ. ಮರಾಠಿಯಲ್ಲಿ ಅದಕ್ಕೆ ಹೆಂಗಸರ ತಿಂಗಳ ಮುಟ್ಟು ಎಂಬ ಅರ್ಥವೂ ಉಂಟು. ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಜತ್ತ ತಾಲೂಕಿನ ಗಂಡಸರು ಕನ್ನಡದಲ್ಲಿ ಬಾಯಿಗೆ ಬಾರದ ಮಾತನ್ನೆಲ್ಲ ಮರಾಠಿಯಲ್ಲಿ ಆಡಿ ಪಾರಾಗುತ್ತಾರೆ. ಹೋದ ವಾರ ಶಾಲೆಯ ಪಾಲಕರ ಸಭೆಯಲ್ಲಿ ನರ್ಸಬಾಯಿಯೊಬ್ಬರು ಈ 'ಪಾಳಿ'ಯ ಬಗ್ಗೆ ಒಂದು ತಾಸು ಮರಾಠಿಯಲ್ಲಿ ಮಾತಾಡಿದ್ದರು. ಅಲ್ಲಿದ್ದ ಗಂಡಸು ಕಲ್ಮೇಶನೊಬ್ಬನೇ. ಉದ್ದಕ್ಕೂ ತನ್ನ ಚಪ್ಪಲಿ ನೋಡುತ್ತ ಕೂತಿದ್ದರೂ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದ.

ಅದಕ್ಕೆ ಕಾರಣವಿತ್ತು. ಅವನು ಹುಡುಗನಿದ್ದಾಗ ಅಕ್ಕ ಸಂಗವ್ವ ಒಂದು ದಿನ ಮೇವಿನ ಬಣವೆಯ ಹಿಂದೆ ಅಡಗಿ ಕುಳಿತಿದ್ದಳು. ಸಂಜೆ ಅವನಿಗೇ ಸಿಕ್ಕಳು. "ತಮ್ಮಾ, ನಾ ಸಾಯತೀನಿ, ಅವ್ವಗ ಹೇಳಬ್ಯಾಡ" ಎಂದು ನಡುಗುತ್ತಿದ್ದಳು. ಆ ನಡುಕ ಅವನ ಕಣ್ಣಿನಿಂದ ಹೋಗಿಲ್ಲ. ಹೆಂಡತಿ ತೀರಿಕೊಂಡು ಮೂರು ವರ್ಷ. ವಿದ್ಯಾವತಿ ಹಾಗೆ ಅಂಜಬಾರದು, ಏನಾದರೂ ಮೊದಲು ತನಗೇ ಹೇಳಬೇಕು ಎಂಬುದೊಂದೇ ಅವನ ಹಟ. ಹೇಳಿಕೊಡಲು ಎರಡು ಸಲ ಹೊರಟಿದ್ದ. ಎರಡು ಸಲವೂ ಮಾತು ಗಣಿತದ ಮಾರ್ಕಿನ ಕಡೆ ತಿರುಗಿ ಅಲ್ಲೇ ಮುಗಿದಿತ್ತು. ಈಗ ನೋಡಿದರೆ ದಿನ ಬಂದೇಬಿಟ್ಟಿದೆ!

"ಗಿರಣಿ ಯಾಕ ಬಂದ್ ಮಾಡಿದ್ಯೋ?" ಎಂದಳು ಜೋಳದ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮಗ್ಗಲು ಮನೆಯ ಮಲಕವ್ವ.

"ವಿದ್ಯಾಂದು ಪಾಳಿ ಬಂತು, ಚಿಗವ್ವಾ."

"ಆಕಿದು ಹೆಂಗ ಬರತೈತಿ? ನಸುಕಿನ್ಯಾಗ ಬುಟ್ಟಿ ಇಟ್ಟೀನಿ ನಾ! ನಂದಾದ ಮ್ಯಾಲ ಯಾರದರ ಬರ್ಲಿ."

ಕಲ್ಮೇಶ ತಲೆಯ ಮೇಲಿನ ಹಿಟ್ಟನ್ನೂ ಕೊಡವದೆ ಅಮಸಿದ್ದನ ಔಷಧಿ ಅಂಗಡಿಗೆ ಓಡಿದ.

ಅಂಗಡಿಯ ಮುಂದೆ ನಾಲ್ಕು ಮಂದಿ ಇದ್ದರು. ಕಲ್ಮೇಶ ಬದಿಯಿಂದ ತಲೆ ತೂರಿಸಿ, "ಪಾಳೀದು ಐತೇನೋ?" ಎಂದ.

ಅಮಸಿದ್ದ ತಲೆ ಎತ್ತಲಿಲ್ಲ. "ಪಾಳಿ ಐತಲ್ಲ, ಕಾಣಸೂದಿಲ್ಲೇನ? ಹಿಂದ ಹೋಗಿ ನಿಂದರು."

ಹಿಂದೆ ಹೋಗಿ ನಿಂತ. ಎದುರಿನವನು ಕೆಮ್ಮಿನ ಔಷಧಿಯ ಮೂರು ಬಾಟಲಿ ತರಿಸಿ ಒಂದನ್ನೂ ಕೊಳ್ಳದೆ ಹೋಗುವವರೆಗೆ ಕಾದ. ಕೊನೆಗೆ ಬಗ್ಗಿ, ಅಮಸಿದ್ದನ ಕಿವಿಯ ಹತ್ತಿರ ಬಾಯಿ ಇಟ್ಟು, ಯಾರಿಗೂ ಕೇಳದಂತೆ ಹೇಳಿದ. ಆದರೆ ಇಪ್ಪತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿದವನ ಗುಟ್ಟಿನ ದನಿ ಬಸ್ ಸ್ಟ್ಯಾಂಡಿನವರೆಗೆ ಹೋಯಿತು.

"ಪ್ಯಾಡು! ಮಗಳಿಗಿ!"

"ಅಯ್ಯ, ವಿದ್ಯಾ ದೊಡ್ಡಾಕಿ ಆದಳೇನೋ?" ಅಮಸಿದ್ದನ ಮುಖ ಅರಳಿತು. "ಚಲೋ ಆತು ಬಿಡು. ಸ್ವಾದರಮಾವಗ ಫೋನ್ ಹಚ್ಚಿದ್ಯಾ?"

ಕಲ್ಮೇಶ ಪುಡಿಕೆಯನ್ನು ಅಂಗಿಯೊಳಗೆ ತುರುಕಿಕೊಂಡು ಶಾಲೆಗೆ ಓಡಿದ. ಗೇಟಿನಲ್ಲಿ ಗಂಡು ಗುರುಗಳು ನಿಂತಿದ್ದರು. "ಏನ್ ಕಲ್ಮೇಶಪ್ಪ, ಈ ಕಡಿ?" ಎಂದರು. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತನ್ನು ಗಂಡಸಿನ ಮುಂದೆ ಆಡುವುದು ಹೇಗೆಂದು, "ಮಧ್ಯಾಹ್ನದ ಊಟ ಹೆಂಗ ಮಾಡಾಕತ್ತೀರಿ ನೋಡೂಣು ಅಂತ ಬಂದ್ನಿರಿ" ಎಂದ. ಗುರುಗಳು ಇವನನ್ನು ತನಿಖೆಗೆ ಬಂದವನೆಂದು ತಿಳಿದು, ಒಳಗೆ ಕರೆದೊಯ್ದು ಕೂರಿಸಿ ಎರಡು ಸಲ ಖಿಚಡಿ ಬಡಿಸಿದರು. ಮಗಳ ವರ್ಗ ಗೋಡೆಯಾಚೆಯೇ ಇತ್ತು. ಕರೆಯಲು ಧೈರ್ಯವಾಗಲಿಲ್ಲ.

ಮನೆಗೆ ಬಂದರೆ ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ನಡುಮನೆಯಲ್ಲಿ ರಂಗೋಲಿ, ಅದರ ಮೇಲೆ ಮಣೆ. ಗಿರಣಿಯಲ್ಲಿದ್ದ ಹೆಂಗಸರೆಲ್ಲ ಇಲ್ಲಿದ್ದರು. ಮಲಕವ್ವ ಆರತಿಯ ಬತ್ತಿ ಹೊಸೆಯುತ್ತಿದ್ದಳು. ಅಮಸಿದ್ದನ ಫೋನ್ ಸಿಕ್ಕಿ ವಳಸಂಗದಿಂದ ಹುಡುಗಿಯ ಸೋದರಮಾವ ಸೋಮನಿಂಗಪ್ಪ ಹಸಿರು ಸೀರೆ, ಹೂವಿನ ದಂಡೆ, ಐದು ತೆಂಗಿನಕಾಯಿಯೊಂದಿಗೆ ಆಗಲೇ ಬಂದಿಳಿದು ಚಹಾ ಕುಡಿಯುತ್ತಿದ್ದ.

"ಇದೆಲ್ಲಾ ಬ್ಯಾಡ ಚಿಗವ್ವಾ, ಹುಡುಗಿ ನಾಚತಾಳ" ಎಂದು ಕಲ್ಮೇಶ ಕೈಮುಗಿದ.

"ದೊಡ್ಡಾಕಿ ಆದಳು ಅಂತ ನೆಟ್ಟಗ ಹೇಳಿದ್ರ ನಾ ಯಾಕ ಜಗಳಾಡತಿದ್ನಿ?" ಎಂದಳು ಮಲಕವ್ವ. ಆಮೇಲೆ ದನಿ ತಗ್ಗಿಸಿ, "ತಾಯಿ ಇಲ್ಲದ ಕೂಸೋ ಅದು. ನಾವು ಮಾಡಲಿಲ್ಲಂದ್ರ ಯಾರು ಮಾಡವ್ರು?" ಎಂದಳು. ಕಲ್ಮೇಶನ ಕಣ್ಣು ತುಂಬಿತು. ಮುಗಿದ ಕೈ ಇಳಿಸಿದ.

ಐದು ಗಂಟೆ ದಾಟಿದ ಮೇಲೆ ವಿದ್ಯಾವತಿ ಬಂದಳು. ಕೈಕಾಲೆಲ್ಲ ಕೆಸರು. ಹೊಸ್ತಿಲು ದಾಟುವಷ್ಟರಲ್ಲಿ ಹೆಂಗಸರು ಸೋಬಾನೆ ಎತ್ತಿದರು, ಮಲಕವ್ವ ಹಣೆಗೆ ಕುಂಕುಮ ಬಳಿದಳು. ಹುಡುಗಿ ಬೆಚ್ಚಿ ಗೋಡೆಗೆ ಆತು ನಿಂತಳು.

"ಏನಪ್ಪಾ ಇದು?"

"ನೀನ ಅಂದ್ಯಲ್ಲವ್ವಾ ಮುಂಜಾನಿ, ಇವತ್ತ ನನ್ನ ಪಾಳಿ ಅಂತ..."

"ಸಾಲ್ಯಾನ ಗಿಡಕ್ಕ ನೀರ ಹಾಕೂ ಪಾಳಿ! ತಡಾ ಆಗತೈತಿ ಅಂತ ಹೇಳಿ ಹೋದ್ನೆಲ್ಲ!"

ಸೋಬಾನೆ ಅರ್ಧಕ್ಕೆ ನಿಂತಿತು. ಮೊದಲು ನಕ್ಕವನು ಸೋಮನಿಂಗಪ್ಪ. ಆಮೇಲೆ ಇಡೀ ಮನೆ ನಕ್ಕಿತು. "ಭಾವಾ, ಆದ ಮ್ಯಾಲ ಹೇಳ್ರಿ, ಮತ್ತ ಬರ್ತೀನಿ" ಎಂದು ಅವನು ಸೀರೆಯನ್ನು ಚೀಲಕ್ಕೆ ಹಾಕಿಕೊಂಡ. ಹೆಂಗಸರು ಬೀಸದೆ ಉಳಿದ ಜೋಳವನ್ನು ನೆನೆದು ಗೊಣಗುತ್ತ ಎದ್ದು ಹೋದರು. ವಿದ್ಯಾವತಿ ಮಾತ್ರ ನಗಲಿಲ್ಲ. ಹಣೆಯ ಕುಂಕುಮ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ಕಲ್ಮೇಶ ಹಿಂದೆಯೇ ಹೋಗಿ ಒಲೆಯ ಬಳಿ ಕೂತ. ಮರ್ಯಾದೆ ಹೇಗೂ ಹೋಗಿತ್ತು, ಇನ್ನು ಮರಾಠಿಯ ಹಂಗೇಕೆ?

"ವಿದ್ಯಾ, ಮುಟ್ಟಾಗೂದು ಅಂದ್ರ ರೋಗ ಅಲ್ಲವ್ವಾ. ಹೊಟ್ಟಿ ನೂಸೀತು, ರಕ್ತ ಕಾಣಸೀತು. ಅಂಜಬ್ಯಾಡ. ನಿಮ್ಮತ್ತಿ ಸಂಗವ್ವ ಭಾಳ ಅಂಜಿದ್ಲು, ಆಕಿಗಿ ಯಾರೂ ಹೇಳಿರಲಿಲ್ಲ. ನಿಮ್ಮವ್ವ ಇದ್ದಿದ್ರ ಇದನ್ನೆಲ್ಲಾ ಆಕಿನ ಹೇಳತಿದ್ಲು. ಈಗ ನಾನ ಹೇಳಬೇಕು. ಆದ ದಿನ ನೀ ಮೊದಲ ನನಗ ಹೇಳು."

ಹೇಳಿ ಮುಗಿಸಿ ಬೆವರು ಒರೆಸಿಕೊಂಡ. ವಿದ್ಯಾವತಿ ಕಾಲಿನ ಒಣಗಿದ ಕೆಸರನ್ನು ಉಗುರಿನಿಂದ ಕೆರೆದಳು.

"ಅಪ್ಪಾ, ಅದು ದೀಪಾವಳಿ ಮುಂದನ ಆಗೈತಿ. ನಾಕು ತಿಂಗಳಾತು."

"ಆಂ?"

"ಪಂಚಶೀಲಾನ ಅವ್ವ ಅಕ್ಕಾತಾಯಿ ಎಲ್ಲಾ ಹೇಳಿಕೊಟ್ಟಾಳ. ಪ್ಯಾಡೂ ಆಕಿನ ತಂದ ಕೊಡತಾಳ."

ಮಗಳ ಗೆಳತಿಯ ಮನೆಗೆ ಗೊತ್ತು, ತನಗೆ ಗೊತ್ತಿಲ್ಲ. "ನನಗ್ಯಾಕ ಹೇಳಲಿಲ್ಲವ್ವಾ?" ಎಂದ. ಈ ಸಲ ಅವನ ದನಿ ನಿಜವಾಗಿಯೂ ಸಣ್ಣದಾಗಿತ್ತು.

"ನಿನಗ ಹೇಳಿದ್ರ ಊರಿಗೆಲ್ಲಾ ಗೊತ್ತಾಗತೈತಿ ಅಂತ ಅಂಜಿದ್ನಿ."

ನಾನು ಅಂಥವನಲ್ಲ ಎನ್ನಲು ಕಲ್ಮೇಶ ಬಾಯಿ ತೆರೆದ. ನಡುಮನೆಯಲ್ಲಿ ರಂಗೋಲಿ ಇನ್ನೂ ಹಾಗೇ ಇತ್ತು. ಮಗಳು ಯಾವುದಕ್ಕೂ ಅಂಜಬಾರದೆಂದು ಇಷ್ಟೆಲ್ಲ ಒದ್ದಾಡಿದವನು, ಅವಳು ಅಂಜಿದ್ದು ತನಗೇ ಎಂದು ತಿಳಿದು ಬಾಯಿ ಮುಚ್ಚಿದ.

ಅಷ್ಟರಲ್ಲಿ ಮರೆತ ಆರತಿ ತಟ್ಟೆಗೆಂದು ಮಲಕವ್ವ ವಾಪಸು ಬಂದಳು. ಇಬ್ಬರ ಮುಖವನ್ನೂ ದಿಟ್ಟಿಸಿದಳು.

"ಏನೋ ಕಲ್ಮೇಶಾ, ಏನಂತಾಳ ಹುಡುಗಿ? ಆಗೈತಂತೇನ ಮತ್ತ?"

ವಿದ್ಯಾವತಿ ಉಸಿರು ಹಿಡಿದು ಅಪ್ಪನನ್ನೇ ನೋಡಿದಳು.

"ಇಲ್ಲ ಚಿಗವ್ವಾ. ಇನ್ನೂ ಇಲ್ಲ."

"ಹೌದಾ?" ಮಲಕವ್ವ ತಟ್ಟೆ ಕಂಕುಳಿಗೆ ಸಿಕ್ಕಿಸಿಕೊಂಡಳು. "ಹಂಗಾರ ನಾಳಿಂದ ದಿನಾ ಗಿರಣಿಗಿ ಬಂದು ಕೇಳತೀನಿ."